ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಟ್ಟಿದ್ದ ಮಗುವಿಗೆ ಮಾತು, ಒಡನಾಟ ಕಲಿಸುವುದು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಆರೈಕೆ ಕೈಪಿಡಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಾಲಮಂದಿರಗಳಲ್ಲಿ, ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಹಗಲು ರಾತ್ರಿ ಮಕ್ಕಳ ಜೊತೆಗಿರುವ ಆಯಾಗಳಿಗೆ, ಹೌಸ್ ಮದರ್‌ಗಳಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಒಂದು ಅಧ್ಯಾಯದಲ್ಲಿ ತಜ್ಞರ ನೆರವು ಬೇಕಾಗಿದೆ.

ಎರಡು ವರ್ಷ ತುಂಬುವ ಮೊದಲೇ ಕೋಣೆಯೊಳಗೆ ಕೂಡಿಟ್ಟು, ಊಟ ತಳ್ಳುವುದು ಬಿಟ್ಟರೆ ಯಾರೂ ಮಾತಾಡಿಸದೆ ಬೆಳೆದ ಮಗು ಐದಾರು ವರ್ಷಕ್ಕೆ ಸಂಸ್ಥೆಗೆ ಬರುತ್ತದೆ ಅಂದುಕೊಳ್ಳಿ. ಮಾತಿಲ್ಲ, ಕಣ್ಣು ಕೊಟ್ಟು ನೋಡುವುದಿಲ್ಲ, ಕೂತಲ್ಲೇ ತೂಗುತ್ತದೆ. ಸಿಬ್ಬಂದಿ ಸಾಮಾನ್ಯವಾಗಿ ಎರಡು ತುದಿಗೆ ಹೋಗುತ್ತಾರೆ. ಕೆಲವರು "ವಯಸ್ಸು ಮೀರಿತು, ಇನ್ನು ಮಾತು ಬರಲ್ಲ" ಅಂತ ಕೈಬಿಡುತ್ತಾರೆ. ಇನ್ನು ಕೆಲವರು ಬಂದ ದಿನದಿಂದಲೇ ಚಾರ್ಟ್ ಹಿಡಿದು "ಹೇಳು, ಹೇಳು" ಅಂತ ಕೂರುತ್ತಾರೆ.

ನಮಗೆ ತಿಳಿಯಬೇಕಾದದ್ದು ಇಷ್ಟು. ಮಾತು ಕಲಿಯಲು ನಿಜಕ್ಕೂ ವಯಸ್ಸಿನ ಗಡಿ ಇದೆಯೇ? ಮೊದಲ ಮೂರು ತಿಂಗಳು ಆಯಾ ಏನು ಮಾಡಬೇಕು, ಏನು ಮಾಡಬಾರದು? ಇದನ್ನು ಆಟಿಸಂನಿಂದ ಹೇಗೆ ಬೇರ್ಪಡಿಸುವುದು? ಏಳನೇ ತರಗತಿ ಓದಿದ ಆಯಾ ಓದಿ ಪಾಲಿಸುವಂತೆ ಇದನ್ನು ಬರೆಯಬೇಕಿದೆ. ದಯವಿಟ್ಟು ವಿವರವಾಗಿ ಹೇಳಿ.

ಉತ್ತರ: ಮಕ್ಕಳ ವೈದ್ಯೆ, ಜಯನಗರ

ಮಾತಿನ ಬಗ್ಗೆ ಬೇರೆಯವರು ಬರೆಯಲಿ. ಅಧ್ಯಾಯದ ಮೊದಲ ಪುಟವನ್ನು ದೇಹಕ್ಕೆ ಮೀಸಲಿಡಿ ಎಂಬುದು ನನ್ನ ಒತ್ತಾಯ. ಮಾತಿಲ್ಲದಿರುವುದಕ್ಕೆ ಒಂಟಿತನವೇ ಕಾರಣ ಅಂತ ತೀರ್ಮಾನಿಸಿಬಿಟ್ಟರೆ ಕಿವುಡುತನ, ಥೈರಾಯ್ಡ್ ಕೊರತೆ, ಫಿಟ್ಸ್ ಇವೆಲ್ಲ ಕಣ್ತಪ್ಪಿ ಹೋಗುತ್ತವೆ. ಎಷ್ಟೋ ಮಕ್ಕಳನ್ನು ಮನೆಯವರು ಬಚ್ಚಿಡುವುದೇ ಅಂಗವೈಕಲ್ಯ ಇದೆ ಎಂಬ ಕಾರಣಕ್ಕೆ. ಹಾಗಾಗಿ ಎರಡೂ ಒಟ್ಟಿಗೇ ಇರುವ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತದೆ.

ಬಂದ ದಿನವೇ ತೂಕ, ಎತ್ತರ, ತಲೆಯ ಸುತ್ತಳತೆ ಬರೆದಿಡಿ. ಮಗು ತೀರಾ ಸೊರಗಿದ್ದರೆ ಕರುಣೆಯಿಂದ ಹೊಟ್ಟೆ ಬಿರಿಯ ಉಣ್ಣಿಸುವುದು ಅಪಾಯಕಾರಿ. ಬಹಳ ಕಾಲ ಹಸಿದ ದೇಹಕ್ಕೆ ಒಮ್ಮೆಲೇ ಅನ್ನ, ಸಕ್ಕರೆ ಸಿಕ್ಕರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿದು ಹೃದಯದ ಬಡಿತದ ಲಯವೇ ತಪ್ಪಬಹುದು. ಅಂಥ ಮಗುವನ್ನು ಮೊದಲು ಆಸ್ಪತ್ರೆಯಲ್ಲಿಟ್ಟು, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟು, ರಕ್ತಪರೀಕ್ಷೆ ನೋಡಿಕೊಂಡು ಆಹಾರ ಏರಿಸಬೇಕು. ಬಿಸಿಲು ಕಾಣದ ಮಗುವಿಗೆ ವಿಟಮಿನ್ ಡಿ ಕೊರತೆಯಿಂದ ರಿಕೆಟ್ಸ್ ಇರಬಹುದು, ಮೂಳೆ ಮೆತ್ತಗಿರುತ್ತದೆ. ಕೈ ಹಿಡಿದು ಎಳೆದಾಡಬೇಡಿ. ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ಕೊರತೆ ತಿಳಿಸುವ ಟಿಎಸ್‌ಎಚ್, ಕಣ್ಣು, ಹಲ್ಲು ಇಷ್ಟನ್ನೂ ಪರೀಕ್ಷಿಸಿ.

ಕಿವಿ ಪರೀಕ್ಷೆ ಇಲ್ಲದೆ ಯಾವ ಭಾಷಾ ಯೋಜನೆಯೂ ಬೇಡ. ಚಪ್ಪಾಳೆ ತಟ್ಟಿ ನೋಡುವುದು ಪರೀಕ್ಷೆಯಲ್ಲ. ಚಪ್ಪಾಳೆಗೆ ತಿರುಗುವ ಮಗುವಿಗೂ ಮಾತಿನ ಮಟ್ಟದ ಸದ್ದು ಕೇಳದಿರಬಹುದು. ಹೆಡ್‌ಫೋನ್ ಹಾಕಿಕೊಂಡು ಸದ್ದು ಬಂದಾಗ ಮಣಿ ಹಾಕುವ ಆಟದ ಪರೀಕ್ಷೆಗೆ ಇಂಥ ಮಗು ಸಹಕರಿಸುವುದಿಲ್ಲ. ಆದ್ದರಿಂದ ಮೊದಲು ಮೇಣ ತೆಗೆಸಿ, ಟಿಂಪನೋಮೆಟ್ರಿಯಲ್ಲಿ ನಡುಗಿವಿಯಲ್ಲಿ ನೀರಿದೆಯೇ ನೋಡಿ, ಆಮೇಲೆ ಓಎಇ (ಒಳಗಿವಿಯ ಪರೀಕ್ಷೆ) ಮತ್ತು ಬೆರಾ (ಸದ್ದು ನರದ ಮೂಲಕ ಮಿದುಳಿಗೆ ಮುಟ್ಟುತ್ತಿದೆಯೇ ನೋಡುವ ಪರೀಕ್ಷೆ) ಎರಡನ್ನೂ ಮಾಡಿಸಿ. ಓಎಇ ಒಂದೇ ಸಾಲದು. ಒಳಗಿವಿ ಸರಿಯಿದ್ದು ನರದಲ್ಲಿ ತೊಂದರೆಯಿದ್ದರೆ ಓಎಇ ಪಾಸಾಗಿಬಿಡುತ್ತದೆ. ಬೆರಾಗೆ ಮಗು ಮಲಗಿರಬೇಕು. ಅಪರಿಚಿತ ಜಾಗದಲ್ಲಿ ತಾನಾಗಿ ನಿದ್ದೆ ಹೋಗದಿದ್ದರೆ ನಿದ್ದೆ ಔಷಧಿ ಕೊಡಬೇಕಾಗುತ್ತದೆ, ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕು.

ಅಗಿಯುವ ವಿಚಾರವನ್ನೂ ಸೇರಿಸಿ. ಗಂಜಿ, ಹಾಲಿನಲ್ಲೇ ಬೆಳೆದ ಮಗುವಿಗೆ ನಾಲಿಗೆಯಿಂದ ತುತ್ತನ್ನು ಪಕ್ಕಕ್ಕೆ ತಳ್ಳಿ ಅಗಿಯಲು ಬರುವುದಿಲ್ಲ, ಗಂಟಲಿಗೆ ಸಿಕ್ಕುತ್ತದೆ. ನಮ್ಮಲ್ಲಿ ಕೂಡಲೇ ರಾಗಿಮುದ್ದೆ ಶುರು ಮಾಡುತ್ತಾರೆ. ಮುದ್ದೆ ಪೌಷ್ಟಿಕವೇ, ಆದರೆ ನುಂಗುವ ಆಹಾರ, ಅಗಿಯುವುದನ್ನು ಕಲಿಸದು. ಬಾಳೆಹಣ್ಣು, ಇಡ್ಲಿ, ಚೆನ್ನಾಗಿ ಬೇಯಿಸಿದ ಕ್ಯಾರೆಟ್ ತುಂಡು, ಆಮೇಲೆ ದೋಸೆ, ಚಪಾತಿ ಚೂರು, ಹೀಗೆ ಏರಿಸಿ. ಕಡಲೆಬೀಜ, ಕಡ್ಲೆಪುರಿ, ದ್ರಾಕ್ಷಿ ಸದ್ಯಕ್ಕೆ ಬೇಡ.

ಉತ್ತರ: ಭಾಷಾವಿಜ್ಞಾನ ಪಾಠ

ವಯಸ್ಸಿನ ಗಡಿಯ ಪ್ರಶ್ನೆಗೆ ನೇರ ಉತ್ತರ: ಒಂದೇ ಗಡಿ ಇಲ್ಲ. ಭಾಷೆಯ ಬೇರೆ ಬೇರೆ ಭಾಗಗಳು ಬೇರೆ ಬೇರೆ ಕಾಲಕ್ಕೆ ಬಿಗಿಯಾಗುತ್ತವೆ. ಪದಗಳನ್ನು ಮನುಷ್ಯ ಸಾಯುವತನಕ ಕಲಿಯುತ್ತಾನೆ. ವ್ಯಾಕರಣ ಹಾಗಲ್ಲ, ಅದಕ್ಕೆ ಎಳೆಯ ವಯಸ್ಸು ಬೇಕು.

1967ರಲ್ಲಿ ಭಾಷಾ ಸಂಶೋಧಕ ಎರಿಕ್ ಲೆನ್ನೆಬರ್ಗ್, ಮೊದಲ ಭಾಷೆ ಸಹಜವಾಗಿ ಬರುವುದು ಸುಮಾರು ಎರಡನೇ ವಯಸ್ಸಿನಿಂದ ಹದಿಹರೆಯದವರೆಗೆ ಎಂದು ವಾದಿಸಿದರು. ಮೂರು ವರ್ಷದ ನಂತರ, 1970ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್ ಬಳಿ 13 ವರ್ಷದ ಹುಡುಗಿಯೊಬ್ಬಳು ಪತ್ತೆಯಾದಳು. ದಾಖಲೆಗಳಲ್ಲಿ ಅವಳಿಗೆ ಜೀನಿ ಎಂಬ ಗುಪ್ತನಾಮ. ಸುಮಾರು 20 ತಿಂಗಳ ಮಗುವಾಗಿದ್ದಾಗಿನಿಂದ ಒಂದು ಕೋಣೆಯಲ್ಲಿ, ಹಗಲು ಶೌಚದ ಕುರ್ಚಿಗೆ ಕಟ್ಟಿ ಇಟ್ಟಿದ್ದರು. ಸದ್ದು ಮಾಡಿದರೆ ಹೊಡೆತ ಬೀಳುತ್ತಿತ್ತು. ಭಾಷಾವಿಜ್ಞಾನಿ ಸೂಸನ್ ಕರ್ಟಿಸ್ ಅವರು ವರ್ಷಗಟ್ಟಲೆ ಅವಳ ಭಾಷೆಯನ್ನು ದಾಖಲಿಸಿದರು. ಜೀನಿ ನೂರಾರು ಪದ ಕಲಿತಳು, ಎರಡು ಮೂರು ಪದ ಜೋಡಿಸಿ ಹಳೆಯ ಹೊಡೆತಗಳ ನೆನಪನ್ನೂ ಹೇಳಿದಳು. ಆದರೆ ನಾನು–ನೀನು ಅದಲುಬದಲಾಗುತ್ತಲೇ ಇತ್ತು, ಪ್ರಶ್ನೆವಾಕ್ಯ ಕಟ್ಟಲಾಗಲಿಲ್ಲ, ಪದಗಳನ್ನು ಬೆಸೆಯುವ ಚಿಕ್ಕಪುಟ್ಟ ವ್ಯಾಕರಣ ರೂಪಗಳು ಕೊನೆಗೂ ನೆಲೆಯೂರಲಿಲ್ಲ. ಜನ ಇಲ್ಲಿಗೇ ಕಥೆ ನಿಲ್ಲಿಸುತ್ತಾರೆ. ಮುಂದಿನದು ನಿಮ್ಮ ಕೈಪಿಡಿಗೆ ಇದಕ್ಕಿಂತ ಮುಖ್ಯ: ಸಂಶೋಧನೆಯ ಹಣ ನಿಂತ ಮೇಲೆ ಅವಳನ್ನು ಮನೆಯಿಂದ ಮನೆಗೆ ಸಾಗಿಸಿದರು, ಅಲ್ಲಿ ಮತ್ತೆ ಹಿಂಸೆಯಾಯಿತು, ಗಳಿಸಿದ್ದ ಮಾತೂ ಹೋಯಿತು.

ಇನ್ನೊಂದು ಕಡೆ ನೋಡಿ. 1938ರಲ್ಲಿ ಅಮೆರಿಕದ ಒಹಾಯೋದಲ್ಲಿ ಇಸಬೆಲ್ ಎಂಬ ಗುಪ್ತನಾಮದ ಆರೂವರೆ ವರ್ಷದ ಹುಡುಗಿ ಹೊರಬಂದಳು. ತಾಯಿಗೆ ಕಿವಿ ಕೇಳದು, ಮಾತಿಲ್ಲ. ಇಬ್ಬರೂ ಕತ್ತಲೆ ಕೋಣೆಯಲ್ಲಿದ್ದರು. ಮೊದಲ ಪರೀಕ್ಷೆಗಳಲ್ಲಿ ಅವಳ ಮಟ್ಟ ಶಿಶುವಿನಷ್ಟೇ ಇತ್ತು. ವಾಕ್ ತಜ್ಞೆ ಮೇರಿ ಮೇಸನ್ ತರಬೇತಿ ಆರಂಭಿಸಿದ ಎರಡು ತಿಂಗಳ ಮೇಲೆ ವಾಕ್ಯ ಜೋಡಿಸತೊಡಗಿದಳು, ಒಂದೂವರೆ ವರ್ಷ ಕಳೆಯುವ ಹೊತ್ತಿಗೆ 1500ರಿಂದ 2000 ಪದ ಬಳಸುತ್ತಿದ್ದಳು. ಎಂಟೂವರೆ ವಯಸ್ಸಿಗೆ ಸಹಜ ಮಟ್ಟ ಮುಟ್ಟಿದಳು. ಚೆಕೊಸ್ಲೊವಾಕಿಯಾದ ಅವಳಿ ಹುಡುಗರು ಒಂದೂವರೆ ವರ್ಷದಿಂದ ಏಳರವರೆಗೆ ಬಂಧನದಲ್ಲಿದ್ದು 1967ರಲ್ಲಿ ಹೊರಬಂದರು. ಆಗ ಅವರ ಮಟ್ಟ ಮೂರು ವರ್ಷದವರಷ್ಟು, ಜೊತೆಗೆ ರಿಕೆಟ್ಸ್. ಮನಶ್ಶಾಸ್ತ್ರಜ್ಞೆ ಯಾರ್ಮಿಲಾ ಕೊಲುಖೋವಾ ಅವರ ದಾಖಲೆಯ ಪ್ರಕಾರ 14ರ ಹೊತ್ತಿಗೆ ಮಾತಿನಲ್ಲೂ ಬುದ್ಧಿಮಟ್ಟದಲ್ಲೂ ಓರಗೆಯವರ ಸಮಕ್ಕೆ ಬಂದರು.

ವ್ಯತ್ಯಾಸಕ್ಕೆ ಕಾರಣ ವಯಸ್ಸು ಮಾತ್ರ ಅಲ್ಲ. ಇಸಬೆಲ್‌ಗೆ ತಾಯಿಯ ಸನ್ನೆ ಇತ್ತು, ಅವಳಿಗಳಿಗೆ ಒಬ್ಬರಿಗೊಬ್ಬರು ಇದ್ದರು. ಜೀನಿಗೆ ಯಾರೂ ಇರಲಿಲ್ಲ. "ಎಷ್ಟು ವರ್ಷ ಕೂಡಿಟ್ಟಿದ್ದರು" ಎಂದು ಎಲ್ಲರೂ ಕೇಳುತ್ತಾರೆ. "ಒಳಗೆ ಮಗುವಿನ ಜೊತೆ ಯಾರಾದರೂ ಇದ್ದರೇ" ಎಂಬ ಪ್ರಶ್ನೆಯನ್ನು ದಾಖಲಾತಿ ನಮೂನೆಯಲ್ಲಿ ಅದಕ್ಕಿಂತ ಮೇಲೆ ಇಡಿ. ತಮ್ಮ, ಅಜ್ಜಿ, ಹಾಸಿಗೆ ಹಿಡಿದ ತಾಯಿ, ಯಾರೇ ಆಗಲಿ.

ಒಂದೊಂದು ಮಗುವಿನ ಕಥೆಯಿಂದ ನಿಯಮ ಕಟ್ಟಬಾರದು ಎನ್ನುವವರಿಗೆ ರೊಮೇನಿಯಾದ ಅಧ್ಯಯನಗಳಿವೆ. 1989ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದ ಮೇಲೆ ಅಲ್ಲಿನ ಅನಾಥಾಲಯಗಳ ಸ್ಥಿತಿ ಹೊರಬಿತ್ತು. ಬ್ರಿಟನ್ನಿಗೆ ದತ್ತು ಹೋದ 165 ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟ್ಟರ್ ತಂಡ ದೊಡ್ಡವರಾಗುವತನಕ ಹಿಂಬಾಲಿಸಿತು. ಆರು ತಿಂಗಳೊಳಗೆ ಹೊರಬಂದವರು ಬಹುತೇಕ ಚೇತರಿಸಿಕೊಂಡರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಗಮನದ ಕೊರತೆ, ಒಡನಾಟದ ತೊಂದರೆಗಳು ಉಳಿದವು. ಆ ಗುಂಪಿನಲ್ಲೂ ಐದರಲ್ಲೊಬ್ಬರಿಗೆ ದೊಡ್ಡವರಾಗುವತನಕ ಯಾವ ಮಾನಸಿಕ ತೊಂದರೆಯೂ ಕಾಣಲಿಲ್ಲ. ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ನೆಲ್ಸನ್, ಫಾಕ್ಸ್, ಝೀನಾ ಎಂಬ ಸಂಶೋಧಕರ ತಂಡ ಸಂಸ್ಥೆಗಳಲ್ಲಿದ್ದ 136 ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗೆ ಕಳಿಸಿತು. 15 ತಿಂಗಳೊಳಗೆ ಹೋದವರ ಭಾಷೆ ಮನೆಯಲ್ಲೇ ಬೆಳೆದ ಮಕ್ಕಳಂತಿತ್ತು. ಎರಡು ವರ್ಷ ದಾಟಿ ಹೋದವರ ಮಾತು, ಮೂರೂವರೆ ವಯಸ್ಸಿನಲ್ಲಿ ನೋಡಿದಾಗ, ಸಂಸ್ಥೆಯಲ್ಲೇ ಉಳಿದವರಷ್ಟೇ ಹಿಂದುಳಿದಿತ್ತು. ಒಂದು ತಿಂಗಳ ವಿಳಂಬಕ್ಕೂ ಬೆಲೆ ಇದೆ ಎಂದು ನಾನು ಹೇಳುವುದು ಇದಕ್ಕೇ.

ಕೈಪಿಡಿಯಲ್ಲಿ ಬಂಗಾಳದ ಮಿಡ್ನಾಪುರದ ಕಮಲಾ–ಅಮಲಾ, ತೋಳ ಸಾಕಿದ ಮಕ್ಕಳು ಎಂಬ ಕಥೆ ಹಾಕಬೇಡಿ. ಪಠ್ಯಗಳಲ್ಲಿ ಇನ್ನೂ ಉಳಿದಿದೆ. 1920ರ ಆ ಘಟನೆಗೆ ಅನಾಥಾಲಯ ನಡೆಸುತ್ತಿದ್ದ ಪಾದ್ರಿಯ ಬರಹವೇ ಮುಖ್ಯ ಆಧಾರ, ಅದರ ನಂಬಿಕಾರ್ಹತೆಯನ್ನು ಸಂಶೋಧಕರು ಪ್ರಶ್ನಿಸಿದ್ದಾರೆ.

ಉತ್ತರ: ವಾಕ್ ಚಿಕಿತ್ಸಕಿ

ಮೊದಲ ಎರಡು ವಾರ ಮಾತು ಕಲಿಸಲೇಬೇಡಿ. ಗಮನಿಸಿ, ಎಣಿಸಿ. ದಿನವೂ ಒಂದೇ ಹೊತ್ತಿನಲ್ಲಿ, ಊಟಕ್ಕೆ ಮುಂಚೆ ಅಥವಾ ಆಟದಲ್ಲಿ, ಹತ್ತು ನಿಮಿಷ ಕೂತು ಮಗು ತಾನಾಗಿ ಎಷ್ಟು ಸಲ ನಿಮ್ಮನ್ನು ಸಂಪರ್ಕಿಸಿತು ಎಂದು ಗೀಟು ಹಾಕಿ. ಒಮ್ಮೆ ನೋಡಿದ್ದು, ಕೈ ಚಾಚಿದ್ದು, ಸೆರಗು ಎಳೆದದ್ದು, ತಟ್ಟೆ ದೂಡಿದ್ದು, ಸಣ್ಣ ಸದ್ದು, ಎಲ್ಲವೂ ಲೆಕ್ಕಕ್ಕೆ. ವಾರ ಕಳೆದಂತೆ ಗೀಟು ಹೆಚ್ಚಿದರೆ ಒಂದು ಪದ ಬರದಿದ್ದರೂ ಮಗು ಮುಂದೆ ಸಾಗಿದೆ. ಗೀಟು ಹೆಚ್ಚದೆ ಪದ ಮಾತ್ರ ಬಂದರೆ ಅದು ಗಿಳಿಪಾಠ.

ಸದ್ದು ಮಾಡಿದ್ದಕ್ಕೆ ಪೆಟ್ಟು ತಿಂದ ಮಗು ಅಳುವುದನ್ನೂ ಸದ್ದಿಲ್ಲದೆ ಅಳುತ್ತದೆ. ಅದಕ್ಕೆ ಮೊದಲ ಪಾಠ, ಸದ್ದು ಮಾಡಿದರೆ ಒಳ್ಳೆಯದೇ ಆಗುತ್ತದೆ ಎಂಬುದು. ಯಾವ ಸದ್ದೇ ಬರಲಿ, ಒಂದೆರಡು ಸೆಕೆಂಡಿನೊಳಗೆ ತಿರುಗಿ ನೋಡಿ, ಅದೇ ಸದ್ದನ್ನು ಮೆಲ್ಲಗೆ ಮರಳಿಸಿ. ನೀವು ಏನಾದರೂ ಹೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕಾಯಿರಿ. ನಮ್ಮವರಿಗೆ ಅತಿ ಕಷ್ಟವಾದದ್ದು ಈ ಕಾಯುವಿಕೆಯೇ. ಮೂರನೇ ಸೆಕೆಂಡಿಗೆ ಇನ್ನೊಂದು ಪ್ರಶ್ನೆ ಕೇಳಿಬಿಡುತ್ತೇವೆ, ಮಗುವಿನ ಸರದಿ ಹೋಗಿಬಿಡುತ್ತದೆ.

ಎಂದೂ ಮಾಡಬಾರದ್ದು ಒಂದಿದೆ. "ನೀರು ಅಂತ ಹೇಳು, ಆಮೇಲೆ ಕೊಡ್ತೀನಿ." ಸಾಮಾನ್ಯ ಮಾತಿನ ವಿಳಂಬ ಇರುವ ಮಕ್ಕಳ ವಿಷಯದಲ್ಲೇ ಇದು ಒಳ್ಳೆಯ ದಾರಿಯಲ್ಲ. ಅನ್ನ ನೀರನ್ನೇ ಆಯುಧ ಮಾಡಿಕೊಂಡಿದ್ದ ಮನೆಯಿಂದ ಬಂದ ಮಗುವಿಗೆ ಇದು ಹಳೆಯ ಹಿಂಸೆಯ ಮುಂದುವರಿಕೆ. ನೀರು ಕೊಡುತ್ತಾ "ನೀರು ಕುಡಿ" ಅನ್ನಿ. ಅಷ್ಟೇ ಸಾಕು.

ಬಣ್ಣ, ಹಣ್ಣು, ಎಬಿಸಿಡಿ ಚಾರ್ಟುಗಳನ್ನು ಬದಿಗಿಡಿ. ಮೊದಲ ಪದಗಳು ಮಗುವಿನ ಕೈಗೆ ಏನಾದರೂ ಅಧಿಕಾರ ಕೊಡಬೇಕು: ಬೇಡ, ಸಾಕು, ಇನ್ನೂ, ಕೊಡು, ಬಾ, ನೋವು. ಇವುಗಳಲ್ಲಿ "ಬೇಡ" ಎಲ್ಲಕ್ಕಿಂತ ಮೊದಲು. ಮಗು ತಟ್ಟೆ ದೂಡಿದರೆ ಅದರ ಪರವಾಗಿ ನೀವೇ "ಬೇಡ" ಅಂದು ತಟ್ಟೆ ತೆಗೆಯಿರಿ, ಅರ್ಧ ಗಂಟೆ ಬಿಟ್ಟು ಮತ್ತೆ ಇಡಿ. "ಬೇಡ" ಅಂದರೆ ಕೇಳುತ್ತಾರೆ ಎಂದು ಗೊತ್ತಾದ ಮಗು ಉಳಿದ ಪದಗಳ ಕಡೆಗೂ ಕಿವಿ ಕೊಡುತ್ತದೆ.

ಸ್ನಾನ, ಬಟ್ಟೆ, ಊಟ, ಹಾಸಿಗೆ, ಈ ನಾಲ್ಕು ಹೊತ್ತಿನಲ್ಲಿ ದಿನವೂ ಅವೇ ಮಾತು ಆಡಿ. "ನೀರು ಹಾಕ್ತೀನಿ." "ಕೈ ಎತ್ತು." "ಆಯ್ತು." ವಾಕ್ಯ ಚಿಕ್ಕದಿರಲಿ, ಆದರೆ ಮುರಿಯಬೇಡಿ. "ಮಗು ಮನೆ ಹೋಗು" ಎನ್ನುವ ಅರೆಬರೆ ಮಾತು ಬೇಡ, "ಮನೆಗೆ ಹೋಗೋಣ" ಅನ್ನಿ. ಕನ್ನಡದಲ್ಲಿ ಯಾರು, ಎಲ್ಲಿಗೆ, ಎಷ್ಟು ಜನ ಎಂಬುದೆಲ್ಲ ಪದದ ಬಾಲದಲ್ಲಿದೆ. ಬಾಲ ಕತ್ತರಿಸಿ ಕೊಟ್ಟರೆ ಮಗುವಿಗೆ ವ್ಯಾಕರಣ ಸಿಗುವ ದಾರಿಯೇ ಇಲ್ಲ.

ಮುಂದೆ ವ್ಯಾಕರಣ ಎಲ್ಲಿ ತಡವರಿಸುತ್ತಿದೆ ಎಂದು ಆಯಾ ಕೂಡ ಗುರುತಿಸಬಹುದು. "ಊಟ ಮಾಡ್ತೀಯಾ?" ಎಂದರೆ "ಮಾಡ್ತೀನಿ" ಬರಬೇಕು. ತಿಂಗಳುಗಟ್ಟಲೆ "ಮಾಡ್ತೀಯ" ಎಂದೇ ಮರುನುಡಿದರೆ ನಾನು–ನೀನು ಬೇರ್ಪಟ್ಟಿಲ್ಲ ಎಂದರ್ಥ. ಅದನ್ನು ತಿದ್ದಲು ಎದುರಿಗೆ ಕೂತರೆ ಆಗದು, ಮೂರನೆಯವರು ಬೇಕು. ಒಬ್ಬರು ಪ್ರಶ್ನೆ ಕೇಳಲಿ, ಇನ್ನೊಬ್ಬರು ಮಗುವಿನ ಹಿಂದೆ ಕೂತು ಮಗುವಿನ ಪರವಾಗಿ "ಮಾಡ್ತೀನಿ" ಅನ್ನಲಿ. ಅಣ್ಣನಿಗೂ ಅಕ್ಕನಿಗೂ ನಾಯಿಗೂ ಒಂದೇ "ಬಂತು" ಎನ್ನುವುದು ಇನ್ನೊಂದು ಗುರುತು. ಬೇಡ, ಇಲ್ಲ, ಅಲ್ಲ ಮೂರಕ್ಕೂ ಒಂದೇ ಪದ ಬಳಸುವುದು ಮತ್ತೊಂದು. "ಅಲ್ಲ" ತಡವಾಗಿ ಬರುತ್ತದೆ, ಗಾಬರಿ ಬೇಡ.

ಹಾಳಾಗುವುದು ಎಲ್ಲಿ ಗೊತ್ತೇ? ಮಗು ಒಂದಷ್ಟು ಹೆಸರು ಕಲಿತ ಕೂಡಲೇ ಎಲ್ಲರೂ "ಇದೇನು? ಇದೇನು?" ಎಂದು ಪರೀಕ್ಷೆ ಮಾಡತೊಡಗುತ್ತಾರೆ. ನೂರು ವಸ್ತುವಿನ ಹೆಸರು ಬಂದರೂ ಕ್ರಿಯಾಪದ ಬರದೆ ಭಾಷೆ ಅಲ್ಲೇ ನಿಲ್ಲುತ್ತದೆ. ಒಂದು ಪ್ರಶ್ನೆಗೆ ಮುಂಚೆ ಮೂರು ನಾಲ್ಕು ಸಾದಾ ಮಾತು ಆಡಿ: "ಹಾಲು ಉಕ್ತು. ಬಿಸಿ ಇದೆ. ಊದೋಣ."

ವಾರಕ್ಕೊಮ್ಮೆ ಮುಕ್ಕಾಲು ಗಂಟೆಯ ಸ್ಪೀಚ್ ಥೆರಪಿಯಿಂದಲೇ ಭಾಷೆ ಬರುವುದಿಲ್ಲ. ಆ ಹೊತ್ತು ಆಯಾಗೆ ತರಬೇತಿ ಕೊಡಲಿಕ್ಕೆ. ನಿಜವಾದ ಕೆಲಸ ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲ ಹದಿನೈದು ನಿಮಿಷ. ಟಿವಿ, ಮೊಬೈಲ್ ಶಿಶುಗೀತೆ ಇದಕ್ಕೆ ಬದಲಿಯಲ್ಲ, ಅವು ಮಗುವಿನ ಸದ್ದಿಗೆ ತಿರುಗಿ ನೋಡುವುದಿಲ್ಲ.

ಆರೈಕೆ ಕೈಪಿಡಿ

ಮೇಡಂ, ಅನಂತ ಧನ್ಯವಾದ. ಎರಡು ಸಂದೇಹ. ಸಂಸ್ಥೆಗಳಲ್ಲಿ ಮೂರು ಪಾಳಿ. ಒಬ್ಬರಿಗೇ ಮಗು ಅಂಟಿಕೊಂಡರೆ ಅವರು ರಜೆ ಹೋದಾಗ ಇನ್ನೂ ಕಷ್ಟ ಎಂದು ಸಿಬ್ಬಂದಿಯನ್ನು ಬೇಕೆಂದೇ ಬದಲಿಸುತ್ತಾರೆ. ಇದು ಸರಿಯೇ? ಇನ್ನೊಂದು, ಕೆಲವು ಮಕ್ಕಳು ಎರಡನೇ ವಾರಕ್ಕೇ ಬಂದವರೆಲ್ಲರ ಮಡಿಲೇರುತ್ತಾರೆ. ಅದನ್ನು ಹೊಂದಿಕೊಂಡ ಲಕ್ಷಣ ಎಂದು ಬರೆಯಬಹುದೇ?

ಉತ್ತರ: ಮಕ್ಕಳ ಮನಶ್ಶಾಸ್ತ್ರ

ಎರಡಕ್ಕೂ ನನ್ನ ಉತ್ತರ "ಸರಿಯಲ್ಲ" ಎಂದೇ.

ಅಂಟಿಕೊಳ್ಳಲಿ ಎಂದೇ ನಾವು ಬಯಸಬೇಕು. ಮಗು ಒಬ್ಬರ ಮುಖ ನೋಡಿ "ಇದು ಭಯಪಡುವಂಥದ್ದೇ?" ಎಂದು ಓದಲು ಕಲಿತ ಮೇಲೆಯೇ ಆ ಮುಖದಿಂದ ಮಾತನ್ನೂ ಪಡೆಯುತ್ತದೆ. ರೊಮೇನಿಯಾದ ಸಂಸ್ಥೆಗಳಲ್ಲಿ ಅನ್ನ, ಬಟ್ಟೆ, ಛಾವಣಿ ಇದ್ದರೂ ಮಕ್ಕಳು ಕುಗ್ಗಿಹೋಗಲು ಒಂದು ದೊಡ್ಡ ಕಾರಣ ಪಾಳಿಯಲ್ಲಿ ಬದಲಾಗುತ್ತಿದ್ದ ಕೈಗಳು. ಪಾಳಿ ತಪ್ಪಿಸಲಾಗದಿದ್ದರೆ ಹೀಗೆ ಮಾಡಿ. ಒಬ್ಬ ಮುಖ್ಯ ಆಯಾ, ಒಬ್ಬ ಬದಲಿ ಆಯಾ, ಇಬ್ಬರೇ. ಏಳಿಸುವುದು, ಸ್ನಾನ, ಮುಖ್ಯ ಊಟ, ಮಲಗಿಸುವುದು ಇವು ನಾಲ್ಕೂ ಈ ಇಬ್ಬರ ಕೈಯಲ್ಲೇ ಇರಲಿ. ಉಳಿದ ಸಿಬ್ಬಂದಿ ನಗಲಿ, ಮಾತಾಡಲಿ, ಆದರೆ ಎತ್ತಿಕೊಳ್ಳುವುದು, ಉಣ್ಣಿಸುವುದು ಬೇಡ. ಮುಖ್ಯ ಆಯಾ ರಜೆ ಹೋಗುವಾಗ ಮಗು ಮಲಗಿರುವಾಗ ಕದ್ದು ಹೋಗಬಾರದು. ಮುಖ ಕೊಟ್ಟು ಹೇಳಿ, ತನ್ನದೊಂದು ದುಪಟ್ಟಾ ಬಿಟ್ಟು ಹೋಗಲಿ. ಮಗು ಅತ್ತರೆ ಅದು ಒಳ್ಳೆಯ ಸುದ್ದಿ, ಅವರು ಮರಳಿ ಬಂದಾಗ ಒಂದೆರಡು ದಿನ ಮುಖ ತಿರುಗಿಸಿದರೆ ಅದೂ ಸಹಜ.

ಎಲ್ಲರ ಮಡಿಲೇರುವುದು ಹೊಂದಿಕೊಂಡ ಲಕ್ಷಣವಲ್ಲ. ಪರಿಚಿತರು, ಅಪರಿಚಿತರು ಎಂಬ ಭೇದವೇ ಮಗುವಿನಲ್ಲಿ ಮೂಡಿಲ್ಲ ಎಂಬ ಲಕ್ಷಣ. ಬ್ರಿಟನ್ನಿನ ಅಧ್ಯಯನದಲ್ಲಿ ಅತಿ ಹಟಮಾರಿಯಾಗಿ ಉಳಿದ ತೊಂದರೆಗಳಲ್ಲಿ ಇದೂ ಒಂದು. ಮುಂದೆ ಯಾರು ಕರೆದರೂ ಹಿಂದೆ ಹೋಗುವ ಅಪಾಯ ಇದರಲ್ಲಿದೆ. ಇಲ್ಲಿ ಬೆಂಗಳೂರಿನ ರೂಢಿಯೊಂದನ್ನು ಹೇಳಲೇಬೇಕು. ವಾರಾಂತ್ಯ ಬಂದರೆ ಹುಟ್ಟುಹಬ್ಬ ಆಚರಿಸಲು ಕುಟುಂಬಗಳು, ಸೇವೆ ಮಾಡಲು ಆಫೀಸಿನ ತಂಡಗಳು ಸಂಸ್ಥೆಗೆ ಬರುತ್ತವೆ. ಕೇಕ್, ಅಪ್ಪುಗೆ, ಫೋಟೋ, ಎರಡು ಗಂಟೆಯಲ್ಲಿ ಮಾಯ. ಅವರ ಮನಸ್ಸು ಒಳ್ಳೆಯದೇ. ಆದರೆ ಈ ಮಗುವಿಗೆ ಅದು, ಬಂದವರೆಲ್ಲ ಅಪ್ಪಿ ಹೋಗಿಬಿಡುತ್ತಾರೆ ಎಂಬ ಪಾಠ. ಕನಿಷ್ಠ ಮೊದಲ ಆರು ತಿಂಗಳು ಅಂಥ ಹೊತ್ತಿನಲ್ಲಿ ಮಗುವನ್ನು ಮುಖ್ಯ ಆಯಾ ಜೊತೆ ಬೇರೆ ಕೋಣೆಯಲ್ಲಿಡಿ. ಮಗು ಯಾರದೋ ಮಡಿಲೇರಿದರೆ ಗದರಬೇಡಿ. ನಕ್ಕು, ಕೆಳಗಿಳಿಸಿ, ಆಯಾ ಕೈಗೆ ಒಪ್ಪಿಸಿ, "ಆಯಮ್ಮನ ಹತ್ತಿರ ಕೂತ್ಕೋ" ಅನ್ನಿ.

ಸದ್ದು, ಬೆಳಕಿನ ಬಗ್ಗೆ: ಕುಕ್ಕರ್ ಸೀಟಿ, ಮಿಕ್ಸಿ, ಕಿಟಕಿಯಾಚೆಯ ಹಾರ್ನ್ ಇವು ಅಭ್ಯಾಸವಿಲ್ಲದ ಕಿವಿಗೆ ಪೆಟ್ಟಿನಂತಿರುತ್ತವೆ. ಮಿಕ್ಸಿ ಹಾಕುವ ಮುಂಚೆ ತೋರಿಸಿ, ಹೇಳಿ, ಬೇಕಾದರೆ ಹೊರಗೆ ಕರೆದೊಯ್ಯಿರಿ. ಹಾಸಿಗೆ ಬಿಟ್ಟು ಮಂಚದ ಕೆಳಗೆ ಮಲಗಿದರೆ ಎಳೆಯಬೇಡಿ. ಅಲ್ಲೇ ಚಾಪೆ ಹಾಸಿ, ಆಯಾ ಪಕ್ಕದಲ್ಲಿ ಮಲಗಲಿ. ಆಹಾರ ಬಚ್ಚಿಟ್ಟರೆ ಕದ್ದಿತು ಎನ್ನಬೇಡಿ. ಮಗುವಿನದೇ ಒಂದು ಡಬ್ಬಿಯಲ್ಲಿ ಬಿಸ್ಕತ್ತು, ಬಾಳೆಹಣ್ಣು ಸದಾ ಇರಲಿ, ಖಾಲಿಯಾದರೆ ಅದರ ಎದುರಿಗೇ ತುಂಬಿ. ಡಬ್ಬಿ ಖಾಲಿಯಾಗುವುದಿಲ್ಲ ಎಂದು ನಂಬಿಕೆ ಬಂದ ಮೇಲೆ ಬಚ್ಚಿಡುವುದು ತಾನಾಗಿ ಇಳಿಯುತ್ತದೆ.

ಜೊತೆಗಾರರನ್ನು ಆರಿಸುವಾಗ ಓರಗೆಯವರಿಗಿಂತ ಕಿರಿಯರು ಮೇಲು. ಮನಶ್ಶಾಸ್ತ್ರಜ್ಞರಾದ ಹಾರ್ಲೊ ಮತ್ತು ಸುವೋಮಿ 1972ರಲ್ಲಿ ಪ್ರಕಟಿಸಿದ ಕೋತಿಗಳ ಪ್ರಯೋಗದಲ್ಲಿ, ಹುಟ್ಟಿನಿಂದ ಆರು ತಿಂಗಳು ಒಂಟಿಯಾಗಿದ್ದ ಮರಿಗಳನ್ನು ಚೇತರಿಸಿದ್ದು ಮೂರು ತಿಂಗಳ ಮರಿಗಳು. ಅವು ಮೊದಲು ಅಪ್ಪಿಕೊಂಡವು, ಆಮೇಲೆ ಆಟಕ್ಕೆಳೆದವು. ಓರಗೆಯ ಮರಿಗಳಾಗಿದ್ದರೆ ಮೇಲೆ ಬೀಳುತ್ತಿದ್ದವು. ಆ ಪ್ರಯೋಗಗಳ ಕ್ರೌರ್ಯವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದರಿಂದ ತಿಳಿದದ್ದು ಈ ಮಕ್ಕಳಿಗೆ ಉಪಯೋಗಕ್ಕೆ ಬರುತ್ತದೆ. ಆರು ವರ್ಷದ ಮಗುವನ್ನು ಮೂರು ವರ್ಷದ ಇಬ್ಬರು ಶಾಂತ ಮಕ್ಕಳ ಜೊತೆ ಮರಳಿನಲ್ಲೋ ನೀರಿನಲ್ಲೋ ಆಡಲು ಬಿಡಿ. ಶಾಲೆಗೆ ಆತುರ ಬೇಡ. ನಲವತ್ತು ಮಕ್ಕಳ ತರಗತಿ ಈ ಹಂತದಲ್ಲಿ ಗದ್ದಲ ಮಾತ್ರ.

ಆಟಿಸಂ ಬಗ್ಗೆ: ಸಂಸ್ಥೆಯ ನಿರ್ಲಕ್ಷ್ಯದಲ್ಲಿ ಬೆಳೆದ ಕೆಲವು ಮಕ್ಕಳಲ್ಲಿ ಆಟಿಸಂನಂತೆಯೇ ಕಾಣುವ ಲಕ್ಷಣಗಳನ್ನು ರಟ್ಟರ್ ತಂಡ ದಾಖಲಿಸಿದೆ. ಅವುಗಳಲ್ಲಿ ಹಲವು ಒಳ್ಳೆಯ ಮನೆ ಸಿಕ್ಕ ಮೇಲೆ ಮೆದುವಾದವು. ಹಾಗಾಗಿ ಕನಿಷ್ಠ ಆರು ತಿಂಗಳ ಸ್ಥಿರ ಆರೈಕೆಗೆ ಮುಂಚೆ ಹಣೆಪಟ್ಟಿ ಹಚ್ಚಬೇಡಿ.

ಮಕ್ಕಳ ವೈದ್ಯೆ, ಜಯನಗರ

ಕೊನೆಯ ಮಾತಿಗೆ ಒಂದು ತಿದ್ದುಪಡಿ ಸರ್. ಹಣೆಪಟ್ಟಿ ತಡವಾಗಲಿ, ಪರೀಕ್ಷೆ ತಡವಾಗಬಾರದು. ಆರು ತಿಂಗಳು ಕಾಯಿರಿ ಎಂದು ಬರೆದರೆ ಸಂಸ್ಥೆಗಳು ಆರು ತಿಂಗಳು ಏನೂ ಮಾಡುವುದಿಲ್ಲ. ಬಂದ ಮೊದಲ ತಿಂಗಳಲ್ಲೇ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗಕ್ಕೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ತೋರಿಸಿ, ಆವತ್ತಿನ ಸ್ಥಿತಿ ದಾಖಲಾಗಲಿ. ಆರು ತಿಂಗಳಿಗೆ ಅದೇ ಪರೀಕ್ಷೆ ಮತ್ತೆ. ಎರಡರ ನಡುವಿನ ವ್ಯತ್ಯಾಸವೇ ಉತ್ತರ ಹೇಳುತ್ತದೆ. ಮೊದಲ ಸಲದ ಐಕ್ಯೂ ಸಂಖ್ಯೆಯನ್ನು ಮಾತ್ರ ಯಾವ ನಿರ್ಧಾರಕ್ಕೂ ಬಳಸಬಾರದು. ಇಸಬೆಲ್‌ಳ ಮೊದಲ ಅಂಕ ನಂಬಿದ್ದರೆ ಅವಳಿಗೆ ಕಲಿಸಲು ಯಾರೂ ಕೂರುತ್ತಿರಲಿಲ್ಲ.

ಮಕ್ಕಳ ಮನಶ್ಶಾಸ್ತ್ರ

ಒಪ್ಪಿದೆ ಮೇಡಂ. ನೀವು ಹೇಳಿದಂತೆಯೇ ಕೈಪಿಡಿಯಲ್ಲಿ ಬರಲಿ.

ಉತ್ತರ: ಸನ್ನೆಭಾಷೆ ಶಿಕ್ಷಕಿ

ಬೆರಾದಲ್ಲಿ ಕಿವುಡುತನ ಕಂಡರೆ ಮೇಲಿನ ಮಾತೆಲ್ಲ ಕೈಗೆ ಬದಲಾಗಬೇಕು. ಹಿಯರಿಂಗ್ ಏಡ್ ಬರಲಿ, ಆಮೇಲೆ ಭಾಷೆ ಎಂದು ಕಾಯುವುದು ಇದ್ದ ಕಾಲವನ್ನೂ ಕಳೆದಂತೆ. ಅದೇ ವಾರ ಭಾರತೀಯ ಸನ್ನೆಭಾಷೆ ಶುರುವಾಗಲಿ. ಸನ್ನೆ ಕಲಿತರೆ ಬಾಯಿಮಾತು ಬರುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಮಿದುಳಿಗೆ ಬೇಕಾದದ್ದು ವ್ಯಾಕರಣವಿರುವ ಒಂದು ಭಾಷೆ, ಅದು ಕಿವಿಯಿಂದಲೇ ಬರಬೇಕೆಂದಿಲ್ಲ.

ಕೋಣೆಯಲ್ಲಿ ಕೂಡಿಡದೆಯೂ ಭಾಷೆಯಿಂದ ಕೂಡಿಟ್ಟಂತೆ ಬೆಳೆಯುವ ಕಿವುಡ ಮಕ್ಕಳು ನಮ್ಮಲ್ಲಿದ್ದಾರೆ ಎಂಬುದೂ ಅಧ್ಯಾಯದಲ್ಲಿ ಬರಲಿ. ತುಂಬಿದ ಮನೆಯಲ್ಲಿ, ಊಟ ಬಾ, ನೀರು ತಾ ಎಂಬಷ್ಟೇ ಕೈಸನ್ನೆಯಲ್ಲಿ ಹತ್ತು ವರ್ಷ ಕಳೆದುಹೋಗುತ್ತದೆ. ನಿಕರಾಗುವಾದಲ್ಲಿ 1977ರಲ್ಲಿ ಮನಾಗುವಾ ನಗರದ ಶಾಲೆಯೊಂದು ಕಿವುಡ ಮಕ್ಕಳನ್ನು ಒಂದೆಡೆ ಸೇರಿಸಿದಾಗ, ಮಕ್ಕಳೇ ತಮ್ಮ ನಡುವೆ ಹೊಸ ಸನ್ನೆಭಾಷೆ ಕಟ್ಟಿದರು. ಎಳೆಯ ವಯಸ್ಸಿನಲ್ಲಿ ಸೇರಿದವರ ಸನ್ನೆಯ ವ್ಯಾಕರಣ ದೊಡ್ಡವರಾಗಿ ಸೇರಿದವರದ್ದಕ್ಕಿಂತ ಸಂಕೀರ್ಣವಾಗಿತ್ತು. ಒಬ್ಬ ಶಿಕ್ಷಕಿ ವಾರಕ್ಕೊಮ್ಮೆ ಬಂದರೆ ಸಾಲದು, ಸನ್ನೆಯಾಡುವ ಇತರ ಮಕ್ಕಳು ಮತ್ತು ಒಬ್ಬ ಕಿವುಡ ವಯಸ್ಕರ ಸಂಗ ಬೇಕೇ ಬೇಕು.

ಆರೈಕೆ ಕೈಪಿಡಿ

ಇನ್ನೊಂದು. ಇಲ್ಲಿ ಆಯಾ ತಮಿಳು, ಅಡುಗೆಯವರು ತೆಲುಗು, ವಾರ್ಡನ್ ಕನ್ನಡ, ಮುಂದೆ ಶಾಲೆ ಇಂಗ್ಲಿಷ್. ಮಗುವಿನ ಜೊತೆ ಯಾವ ಭಾಷೆ?

ವಾಕ್ ಚಿಕಿತ್ಸಕಿ

ಮುಖ್ಯ ಆಯಾಗೆ ನಿದ್ದೆಗಣ್ಣಿನಲ್ಲೂ ಬರುವ ಭಾಷೆ. ತಮಿಳಾದರೆ ತಮಿಳೇ ಇರಲಿ. ತಡವರಿಸುವ ಕನ್ನಡದಲ್ಲಿ ಆಡಿದರೆ ಮಾತು ಕಡಿಮೆಯಾಗುತ್ತದೆ, ಲಾಲಿಯ ಧಾಟಿ ಹೋಗುತ್ತದೆ. ವಾರ್ಡನ್ ಕನ್ನಡದಲ್ಲೇ ಆಡಲಿ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ, ಆದರೆ ಒಬ್ಬರೇ ಒಂದು ವಾಕ್ಯದಲ್ಲಿ ಮೂರು ಭಾಷೆ ಬೆರೆಸುವುದು ಆರಂಭದಲ್ಲಿ ಬೇಡ. ಇಂಗ್ಲಿಷಿಗೆ ಸದ್ಯ ಜಾಗವಿಲ್ಲ.

ಅದಕ್ಕೂ ಮೊದಲು, ಮಗು ಶಿಶುವಾಗಿದ್ದಾಗ ಕೇಳಿದ ಭಾಷೆ ಯಾವುದೆಂದು ಪತ್ತೆ ಮಾಡಿ. ಉರ್ದುವೋ, ಹಿಂದಿಯೋ, ತುಳುವೋ ಆಗಿದ್ದರೆ ಆ ಭಾಷೆಯವರೊಬ್ಬರಿಂದ ಬಾ, ನೀರು, ಅಮ್ಮ, ಕೂತ್ಕೋ ಇಂಥ ಕೆಲವು ಪದ ಹೇಳಿಸಿ ಮುಖ ಗಮನಿಸಿ. "ಅಮ್ಮ" ಎಂಬ ಪದಕ್ಕೆ ಮಗು ಹೆದರಿದರೆ ಆ ಪದ ಸದ್ಯ ಬಳಸಬೇಡಿ.

ಉತ್ತರ: ಮಕ್ಕಳ ಹಕ್ಕು ವಕೀಲೆ

ಕಾನೂನಿನ ಭಾಗ ಚಿಕ್ಕದು. ಇಂಥ ಮಗು ಎಲ್ಲಿಯಾದರೂ ಇದೆ ಎಂಬ ಅನುಮಾನ ಬಂದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಸಾಕ್ಷ್ಯ ಬೇಕಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅದೇ ಕಾಯ್ದೆಯ 74ನೇ ಕಲಂ ಮಗುವಿನ ಹೆಸರು, ಫೋಟೋ, ವಿಳಾಸ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ ಎನ್ನುತ್ತದೆ. ವಾಟ್ಸಾಪ್ ಗುಂಪಿನಲ್ಲಿ "ರಕ್ಷಿಸಿದ ಮಗು" ಎಂದು ಫೋಟೋ ಹಾಕುವುದೂ ಅಪರಾಧ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಮಾತಿಲ್ಲದ ಮಗುವಿನ ಸಾಕ್ಷ್ಯ ದಾಖಲಿಸುವಾಗ ಪೋಕ್ಸೋ ಕಾಯ್ದೆಯ 38ನೇ ಕಲಂ ಪ್ರಕಾರ ವಿಶೇಷ ಶಿಕ್ಷಕರ, ಅನುವಾದಕರ ನೆರವು ಪಡೆಯಬಹುದು. ಆದ್ದರಿಂದ ಏನಾಯಿತು ಎಂದು ಸಿಬ್ಬಂದಿ ಬಿಡಿಬಿಡಿಯಾಗಿ ಕೇಳಿ ಮಗುವಿನ ಬಾಯಿಗೆ ಪದ ಹಾಕಬಾರದು.

ಸಮಿತಿಗೆ ಕೊಡುವ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಮುಖ್ಯ ಆಯಾ, ಬದಲಿ ಆಯಾ ಯಾರೆಂಬುದನ್ನು ಹೆಸರು ಸಮೇತ ಬರೆಸಿ. ಮಗುವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವ ಪ್ರಸ್ತಾಪ ಬಂದಾಗ, ಈಗಿನ ಆರೈಕೆದಾರರಿಂದ ಬೇರ್ಪಡಿಸುವುದು ಮಗುವಿಗೆ ಹಾನಿ ಎಂದು ವಾದಿಸಲು ಆ ಸಾಲು ಮತ್ತು ವಾಕ್ ಚಿಕಿತ್ಸಕಿ ಮೇಡಂ ಹೇಳಿದ ಗೀಟುಪಟ್ಟಿಯ ಪ್ರತಿ, ಇವೆರಡೂ ಕಡತದಲ್ಲಿರಲಿ. ಸಾಕುಪಾಲನೆಗೆ ಕುಟುಂಬ ಸಿಕ್ಕರೆ, ಮಗುವನ್ನು ಕಳಿಸುವ ಮುನ್ನ ಆ ಕುಟುಂಬದವರು ಸಂಸ್ಥೆಗೇ ಬಂದು ಕೆಲವು ವಾರ ಮುಖ್ಯ ಆಯಾ ಪಕ್ಕದಲ್ಲಿ ಕೂತು ಉಣ್ಣಿಸಲು, ಮಲಗಿಸಲು ಸಮಿತಿಯಿಂದ ಲಿಖಿತ ಅನುಮತಿ ಕೇಳಿ.